ನಾರ್ವೆಯ ಬಂಡೆಗಳ ನಡುವೆ ಸಿಂಹದ ಆಸ್ಥಾನ: ಎವರ್ಡಿಂಗೆನ್‌ನ ಎಚಿಂಗ್ ಚಿತ್ರಗಳನ್ನು ಕುರಿತು

ಪ್ರಶ್ನೆ: ಮಗಳ ಮನೆಗೆಂದು ನೆದರ್‌ಲ್ಯಾಂಡ್ಸ್‌ಗೆ ಹೋಗಿದ್ದಾಗ ಒಂದು ಪ್ರದರ್ಶನದಲ್ಲಿ ಅಲ್ಲಾರ್ಟ್ ಫಾನ್ ಎವರ್ಡಿಂಗೆನ್ ಎಂಬ ಹಳೆಯ ಡಚ್ ಕಲಾವಿದನ ಅಂಗೈಯಗಲದ ಎಚಿಂಗ್ ಚಿತ್ರಗಳನ್ನು ನೋಡಿದೆ. ಒಂದು ಗೋಡೆಯ ತುಂಬ ಬಂಡೆ, ಜಲಪಾತ, ಮರದ ದಿಮ್ಮಿಗಳ ಮನೆ. ಎದುರಿನ ಗೋಡೆಯಲ್ಲಿ ಸಿಂಹದ ಆಸ್ಥಾನ ಮತ್ತು ನರಿ, ತೋಳ, ಕರಡಿಗಳ ಕಥೆ. ಗುಡ್ಡವೇ ಇಲ್ಲದ ನಾಡಿನವನು ಇಂಥ ಬೆಟ್ಟಗಳನ್ನು ಎಲ್ಲಿ ಕಂಡ? ನರಿಯ ಕಥೆ ನಮ್ಮ ಪಂಚತಂತ್ರದಿಂದಲೇ ಅಲ್ಲಿಗೆ ಹೋದದ್ದೇ? ಭೂದೃಶ್ಯ ಬರೆಯುವವನು ಪ್ರಾಣಿಕಥೆಗೆ ಏಕೆ ಕೈಹಾಕಿದ? ಇಂಥ ಚಿತ್ರಗಳನ್ನು ನೋಡುವಾಗ ಏನನ್ನು ಗಮನಿಸಬೇಕು?

ಉತ್ತರ: ನಿಮ್ಮ ಮೂರನೆಯ ಪ್ರಶ್ನೆಯಿಂದಲೇ ಆರಂಭಿಸುತ್ತೇನೆ, ಏಕೆಂದರೆ ಉಳಿದ ಪ್ರಶ್ನೆಗಳ ಎಳೆಗಳೆಲ್ಲ ಅಲ್ಲಿಯೇ ಬಂದು ಸೇರುತ್ತವೆ. ಪ್ರದರ್ಶನದವರು ಎರಡು ಗೋಡೆಗಳಲ್ಲಿ ಬೇರ್ಪಡಿಸಿ ತೂಗುಹಾಕಿದ್ದನ್ನು ನೀವು ಎರಡು ಬಗೆಯ ಕೆಲಸವೆಂದು ನೋಡಿದ್ದೀರಿ. ಹೀಗೆ ಬೇರ್ಪಡಿಸುವ ರೂಢಿ ಹಳೆಯದು. ವಿಯೆನ್ನಾದ ಆಡಮ್ ಫಾನ್ ಬಾರ್ಟ್ಷ್ ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಯುರೋಪಿನ ಮುದ್ರಣ ಚಿತ್ರಕಾರರ ಮಹಾಸೂಚಿಯನ್ನು ಸಿದ್ಧಪಡಿಸಿದಾಗ, ಎವರ್ಡಿಂಗೆನ್‌ನ ನೂರಕ್ಕೂ ಮಿಕ್ಕ ಭೂದೃಶ್ಯಗಳಿಗೆ ಒಂದು ಅಂಕಿಸಾಲನ್ನೂ ನರಿಯ ಕಥೆಯ 57 ಚಿತ್ರಗಳಿಗೆ ಇನ್ನೊಂದು ಅಂಕಿಸಾಲನ್ನೂ ಕೊಟ್ಟ. ಸಂಗ್ರಹಾಲಯಗಳು ಆ ವಿಂಗಡಣೆಯನ್ನೇ ಅನುಸರಿಸಿಕೊಂಡು ಬಂದಿವೆ. ಆದರೆ ಹಲವು ವರ್ಷಗಳಿಂದ ಈ ಚಿತ್ರಗಳನ್ನು ವಿದ್ಯಾರ್ಥಿಗಳ ಜೊತೆ ಕುಳಿತು ನೋಡುತ್ತ ಬಂದಿರುವ ನನಗೆ ಅನ್ನಿಸುವುದೇನೆಂದರೆ, ಅವು ಎರಡಲ್ಲ, ಒಂದೇ ಕೆಲಸ. ನರಿಯ ಕಥೆಯನ್ನು ಎವರ್ಡಿಂಗೆನ್ ಒಬ್ಬ ಭೂದೃಶ್ಯಕಾರನಾಗಿಯೇ ಹೇಳಿದ. ಅವನಿಗಿಂತ ಮುಂಚೆ ಆ ಕಥೆಯನ್ನು ಚಿತ್ರಿಸಿದವರ ಕೈಯಲ್ಲಿ ಪ್ರಾಣಿಗಳಿದ್ದವು, ಮಾತಿತ್ತು, ಜಗಳವಿತ್ತು. ಆದರೆ ಆ ಪ್ರಾಣಿಗಳಿಗೆ ಕಾಲೂರಲು ನೆಲವೆಂಬುದು ಹೆಚ್ಚುಕಡಿಮೆ ಇರಲಿಲ್ಲ.

ಮೊದಲು ಆ ನೆಲ ಎಲ್ಲಿಂದ ಬಂತೆಂಬುದನ್ನು ನೋಡೋಣ.

ಎವರ್ಡಿಂಗೆನ್ 1621ರಲ್ಲಿ ಉತ್ತರ ಹಾಲೆಂಡಿನ ಆಲ್ಕ್‌ಮಾರ್ ಪಟ್ಟಣದಲ್ಲಿ ಹುಟ್ಟಿದ. ಅಣ್ಣ ಸೀಸರ್ ಫಾನ್ ಎವರ್ಡಿಂಗೆನ್ ಕೂಡ ಹೆಸರಾಂತ ಚಿತ್ರಕಾರನೇ. ಅವನು ಬರೆದದ್ದು ಪುರಾಣದ ಪ್ರಸಂಗಗಳನ್ನು ಮತ್ತು ಭಾವಚಿತ್ರಗಳನ್ನು. ಆಲ್ಕ್‌ಮಾರ್‌ನ ಸುತ್ತಲಿನ ನೆಲ ಎಷ್ಟು ಸಮತಟ್ಟೆಂದರೆ, ಅದರ ಬಹುಭಾಗ ಮನುಷ್ಯರೇ ನೀರಿನಿಂದ ಕಿತ್ತು ತೆಗೆದದ್ದು. ಗಾಳಿಗಿರಣಿಗಳನ್ನು ಸಾಲಾಗಿ ನಿಲ್ಲಿಸಿ ಬೇಮ್‌ಸ್ಟರ್ ಕೆರೆಯನ್ನು 1612ರಲ್ಲಿ ಬತ್ತಿಸಿದರು, ಸ್ಖೆರ್ಮರ್ ಕೆರೆಯನ್ನು 1635ರಲ್ಲಿ. ಎರಡನೆಯದು ಬತ್ತುವಾಗ ಹುಡುಗನಿಗೆ ಹದಿನಾಲ್ಕು ವರ್ಷ. ಊರಿನ ಆಚೆಗೆ ಹೋಗಿ ನಿಂತರೆ, ಹಿಂದಿನ ವರ್ಷ ಅಲೆಯಿದ್ದ ಜಾಗದಲ್ಲಿ ಗೆರೆ ಎಳೆದಂತೆ ಕಾಲುವೆಗಳೂ ಹೊಲಗಳೂ ಮೂಡುತ್ತಿದ್ದುದನ್ನು ಅವನು ನೋಡಬಹುದಾಗಿತ್ತು. ಇಂಥ ನಾಡಿನಲ್ಲಿ ಬೆಳೆದ ಕಣ್ಣಿಗೆ ಬಂಡೆ ಎಂಬುದು ಎಂಥ ಅಚ್ಚರಿಯ ವಸ್ತುವಾಗಿರಬೇಕೆಂದು ಯೋಚಿಸಿ. ರಾಮನಗರದ ಬೆಟ್ಟಗಳನ್ನೋ ಹಂಪಿಯ ಗುಂಡುಗಳನ್ನೋ ಬಸ್ಸಿನ ಕಿಟಕಿಯಿಂದ ನೋಡಿ ಅಭ್ಯಾಸವಾದ ನಮಗೆ ಆ ಅಚ್ಚರಿಯನ್ನು ಊಹಿಸಿಕೊಳ್ಳಲು ಸ್ವಲ್ಪ ಪ್ರಯತ್ನವೇ ಬೇಕಾಗುತ್ತದೆ.

ಅವನ ಗುರುಗಳು ಇಬ್ಬರೆಂದು ಡಚ್ ಕಲಾವಿದರ ಜೀವನಗಳನ್ನು 1718ರಿಂದ 1721ರವರೆಗೆ ಸಂಪುಟಗಳಾಗಿ ಪ್ರಕಟಿಸಿದ ಅರ್ನಾಲ್ಡ್ ಹೌಬ್ರಾಕೆನ್ ಹೇಳುತ್ತಾನೆ: ಉಟ್ರೆಕ್ಟ್‌ನ ರೂಲಾಂಟ್ ಸಾವರಿ ಮತ್ತು ಹಾರ್ಲೆಮ್‌ನ ಪೀಟರ್ ಡಿ ಮೊಲೈನ್. ನಿಮ್ಮ ಪ್ರಶ್ನೆಗೆ ಸಾವರಿಯ ಹೆಸರು ಬಹಳ ಮುಖ್ಯವಾದದ್ದು. ಪ್ರಾಗ್ ನಗರದಲ್ಲಿ ಚಕ್ರವರ್ತಿ ಎರಡನೆಯ ರುಡಾಲ್ಫನ ಆಸ್ಥಾನದಲ್ಲಿದ್ದ ಸಾವರಿಯನ್ನು 1606ರ ಹೊತ್ತಿಗೆ ಚಕ್ರವರ್ತಿಯೇ ಟಿರೋಲ್ ಪ್ರಾಂತ್ಯಕ್ಕೆ ಕಳುಹಿಸಿ ಆಲ್ಪ್ಸ್ ಪರ್ವತಗಳ ಅಪೂರ್ವ ನೋಟಗಳನ್ನು ಬರೆದು ತರುವಂತೆ ಆಜ್ಞಾಪಿಸಿದ್ದ. ಅದೇ ಸಾವರಿ ಚಕ್ರವರ್ತಿಯ ಪ್ರಾಣಿಸಂಗ್ರಹದಲ್ಲಿ ಸಿಂಹ, ಒಂಟೆ, ಬಗೆಬಗೆಯ ಹಕ್ಕಿಗಳನ್ನು ಎದುರಿಗಿಟ್ಟುಕೊಂಡು ಬರೆದವನು. ಇಂದು ನಿರ್ವಂಶವಾಗಿರುವ ಡೋಡೋ ಹಕ್ಕಿಯ ಹೆಸರು ಬಂದಾಗಲೆಲ್ಲ ಅವನ ಚಿತ್ರಗಳು ನೆನಪಾಗುತ್ತವೆ. ಎಂದರೆ, ಕಡಿದಾದ ಪರ್ವತ ಮತ್ತು ಜೀವಂತ ಪ್ರಾಣಿ, ಇವೆರಡೂ ಒಂದೇ ಗುರುವಿನ ಮನೆಯಲ್ಲಿ ಒಟ್ಟಿಗೆ ದೊರೆತ ಪಾಠಗಳು. ಹಾರ್ಲೆಮ್‌ನ ಮೊಲೈನ್ ಅದಕ್ಕೆ ತದ್ವಿರುದ್ಧವಾದ ಸಂಗತಿಯನ್ನು ಕಲಿಸಿರಬೇಕು: ಮರಳದಿಬ್ಬ, ಬಂಡಿಜಾಡು, ಬೇಲಿ, ತಗ್ಗಿನ ದಿಗಂತ, ಮೋಡ, ಕಣ್ಣ ಮುಂದಿರುವ ಬಡ ನೆಲವನ್ನು ಇದ್ದಂತೆ ಬರೆಯುವ ನಿಷ್ಠೆ. ಸಾವರಿಯ ಪರ್ವತಗಳಲ್ಲಿ ಒಂದಿಷ್ಟು ಕನಸಿನ ಅಂಶವಿದೆ. ಶಿಷ್ಯನ ಪರ್ವತಗಳಲ್ಲಿ ಅದು ಇಲ್ಲದಿರುವುದಕ್ಕೆ ಈ ಎರಡನೆಯ ಗುರು ಕಾರಣನೆಂದು ನಾನು ತಿಳಿಯುತ್ತೇನೆ.

1644ರಲ್ಲಿ, ಇಪ್ಪತ್ತಮೂರರ ಹರೆಯದಲ್ಲಿ, ಎವರ್ಡಿಂಗೆನ್ ಸ್ಕ್ಯಾಂಡಿನೇವಿಯಾಕ್ಕೆ ಹೋದ. ಬಾಲ್ಟಿಕ್ ಸಮುದ್ರದತ್ತ ಹೊರಟಿದ್ದ ಹಡಗು ಬಿರುಗಾಳಿಗೆ ಸಿಲುಕಿ ನಾರ್ವೆಯ ದಡಕ್ಕೆ ಬಿದ್ದಿತೆಂದು ಹೌಬ್ರಾಕೆನ್ ಬರೆಯುತ್ತಾನೆ. ಕಥೆ ಸೊಗಸಾಗಿದೆ. ಆದರೆ ಉಳಿದಿರುವ ರೇಖಾಚಿತ್ರಗಳನ್ನು ನೋಡಿದರೆ, ನಾರ್ವೆಯ ದಕ್ಷಿಣ ಕರಾವಳಿಯ ರಿಸೋರ್, ಲಾಂಗೆಸುಂಡ್ ಮೊದಲಾದ ಬಂದರುಗಳಿಂದ ಹಿಡಿದು ಸ್ವೀಡನ್ನಿನ ಗೋಥೆನ್‌ಬರ್ಗ್‌ನ ಆಸುಪಾಸಿನವರೆಗೆ ಆತ ಸಮಾಧಾನದಿಂದ, ಕೆಲಸದ ಮನಸ್ಸಿನಿಂದ ತಿರುಗಾಡಿದಂತೆ ಕಾಣುತ್ತದೆ. ಆ ದಾರಿ ಡಚ್ಚರಿಗೆ ಅಪರಿಚಿತವೂ ಆಗಿರಲಿಲ್ಲ. ನಾರ್ವೆಯ ಮರ ಇಲ್ಲದೆ ಹಾಲೆಂಡಿನಲ್ಲಿ ಹಡಗೂ ಇರಲಿಲ್ಲ, ಮನೆಯೂ ಇರಲಿಲ್ಲ. ಕೆಸರಿನ ಮೇಲೆ ಕಟ್ಟಿದ ಆಮ್‌ಸ್ಟರ್‌ಡ್ಯಾಮ್ ಇಡಿಯಾಗಿ ನಿಂತಿರುವುದು ನೆಲಕ್ಕೆ ಹೊಡೆದ ಮರದ ಗೂಟಗಳ ಮೇಲೆ. 1648ರಲ್ಲಿ ಕಟ್ಟಲು ತೊಡಗಿದ ಅಲ್ಲಿನ ಪುರಭವನವೊಂದರ ಅಡಿಪಾಯಕ್ಕೇ 13,659 ಗೂಟಗಳನ್ನು ಹೊಡೆದರೆಂಬ ಲೆಕ್ಕವನ್ನು ಇಂದಿಗೂ ಆ ಊರಿನ ಮಕ್ಕಳಿಗೆ ಶಾಲೆಯಲ್ಲಿ ಕಲಿಸುತ್ತಾರೆ. ಮರ ತರುವ ಹಡಗುಗಳಲ್ಲಿ ಒಬ್ಬ ಯುವ ಚಿತ್ರಕಾರನಿಗೆ ಜಾಗ ಸಿಗುವುದು ಕಷ್ಟವಾಗಿರಲಾರದು. 1645ರ ಆರಂಭದಲ್ಲಿ ಆತ ಹಾರ್ಲೆಮ್‌ಗೆ ಮರಳಿ ಮದುವೆಯಾದ, ಆದ್ದರಿಂದ ಇಡೀ ಪ್ರವಾಸ ಕೆಲವು ತಿಂಗಳುಗಳದ್ದು. ಆ ಕೆಲವು ತಿಂಗಳ ನೋಟಗಳ ಮೇಲೆ ಅವನು 1675ರಲ್ಲಿ ಆಮ್‌ಸ್ಟರ್‌ಡ್ಯಾಮ್‌ನಲ್ಲಿ ತೀರಿಕೊಳ್ಳುವವರೆಗಿನ ಮೂವತ್ತು ವರ್ಷಗಳ ಕೆಲಸವನ್ನು ಕಟ್ಟಿದ.

ಕೊಳ್ಳುವವರೂ ಇದ್ದರು. ಸ್ವೀಡನ್ನಿನ ಕಬ್ಬಿಣ ಮತ್ತು ಫಿರಂಗಿಗಳ ವ್ಯಾಪಾರದಲ್ಲಿ ಹಣ ಮಾಡಿದ ಟ್ರಿಪ್ ಮನೆತನದವರು ತಮ್ಮ ಜೂಲಿಟಾಬ್ರೂಕ್ ಎರಕದ ಕಾರ್ಖಾನೆಯ ದೊಡ್ಡ ತೈಲಚಿತ್ರವನ್ನು ಅವನಿಂದಲೇ ಬರೆಸಿದರು. ಅದು ಈಗ ಆಮ್‌ಸ್ಟರ್‌ಡ್ಯಾಮ್‌ನ ರೈಕ್ಸ್ ಮ್ಯೂಸಿಯಂನಲ್ಲಿದೆ. ಯಾಕಬ್ ಫಾನ್ ರೌಸ್‌ಡಾಲ್ ಎಂಬ, ಅವನಿಗಿಂತ ಎಷ್ಟೋ ದೊಡ್ಡ ಹೆಸರಿನ ಭೂದೃಶ್ಯಕಾರ ಸ್ಕ್ಯಾಂಡಿನೇವಿಯಾದ ನೆಲವನ್ನು ಒಮ್ಮೆಯೂ ಮೆಟ್ಟಿದವನಲ್ಲ. ಅವನು ಬರೆದ ಪ್ರಸಿದ್ಧ ಜಲಪಾತಗಳೆಲ್ಲ ಎವರ್ಡಿಂಗೆನ್ ತಂದುಕೊಟ್ಟ ನೀರಿನಿಂದಲೇ ಹರಿದವು. ಇದನ್ನು ಕಲೆಯ ಚರಿತ್ರೆ ಒಪ್ಪಿಕೊಂಡಿದೆ, ಆದರೂ ಸಾಮಾನ್ಯ ಓದುಗರ ನೆನಪಿನಲ್ಲಿ ಉಳಿದಿರುವುದು ರೌಸ್‌ಡಾಲ್ ಒಬ್ಬನೇ. ಇದು ನನಗೆ ನೋವಿನ ಸಂಗತಿ.

ಈಗ ಎಚಿಂಗ್‌ಗಳಿಗೆ ಬರುತ್ತೇನೆ. ಕೆಲಸದ ಕ್ರಮವನ್ನು ತಿಳಿಯದೆ ಅವನ ಗೆರೆಯ ಸೊಗಸು ಕಾಣುವುದಿಲ್ಲವಾದ್ದರಿಂದ ಅದನ್ನು ಚಿಕ್ಕದಾಗಿ ಹೇಳಬೇಕು. ನುಣುಪು ಮಾಡಿದ ತಾಮ್ರದ ತಗಡಿನ ಮೇಲೆ ಮೇಣ, ರಾಳ, ಡಾಂಬರಿನ ಬಗೆಯ ಅಂಟುಗಳನ್ನು ಕೂಡಿಸಿ ಮಾಡಿದ ತೆಳುವಾದ ಲೇಪವನ್ನು ಹಚ್ಚಿ, ಹೊಗೆ ಹಿಡಿದು ಅದನ್ನು ಕಪ್ಪಾಗಿಸುತ್ತಾರೆ. ಮೊನಚು ಸೂಜಿಯಿಂದ ಆ ಲೇಪವನ್ನು ಕೆರೆಯುತ್ತ ಚಿತ್ರ ಬರೆದರೆ ಗೆರೆಯಿದ್ದಲ್ಲಿ ತಾಮ್ರ ಹೊಳೆಯುತ್ತದೆ. ತಗಡನ್ನು ಆಮ್ಲದಲ್ಲಿ ಅದ್ದಿದಾಗ ಹೊರಗೆ ಕಾಣುವ ತಾಮ್ರವನ್ನಷ್ಟೇ ಆಮ್ಲ ತಿನ್ನುತ್ತದೆ. ದೂರದ ಬೆಟ್ಟಕ್ಕೆ ಬೇಕಾದಷ್ಟು ತಿಂದ ಮೇಲೆ ತಗಡನ್ನು ಹೊರತೆಗೆದು, ಆ ಭಾಗದ ಮೇಲೆ ವಾರ್ನಿಷ್ ಬಳಿದು ಮುಚ್ಚಿ, ಉಳಿದುದನ್ನು ಮತ್ತೆ ಅದ್ದಬೇಕು. ಹೀಗೆ ಎರಡು ಮೂರು ಸಲ ಮಾಡಿದಾಗ ದೂರದ ಗೆರೆ ಕೂದಲಿನಷ್ಟು ಸಣ್ಣಗೆ, ಎದುರಿನ ಬಂಡೆಯ ಗೆರೆ ಆಳವಾಗಿ, ದಪ್ಪನಾಗಿ ಉಳಿಯುತ್ತದೆ. ಕೊನೆಗೆ ಲೇಪ ಕಳೆದು, ತಗಡಿಗೆ ಶಾಯಿ ತುಂಬಿ, ಮೇಲ್ಮೈಯನ್ನು ಬಟ್ಟೆಯಿಂದಲೂ ಅಂಗೈಯಿಂದಲೂ ಒರೆಸಿ, ನೆನೆಸಿದ ಕಾಗದವನ್ನಿಟ್ಟು ಉರುಳೆಯಂತ್ರದಲ್ಲಿ ಒತ್ತಿದರೆ ಗೆರೆಯೊಳಗಿನ ಶಾಯಿ ಕಾಗದಕ್ಕೆ ಏರುತ್ತದೆ. ತಗಡಿನಲ್ಲಿ ಎಡಕ್ಕಿದ್ದದ್ದು ಕಾಗದದಲ್ಲಿ ಬಲಕ್ಕೆ ಬರುತ್ತದೆ.

ನಮ್ಮ ವಿದ್ಯಾರ್ಥಿಗಳು ಕಡಿಮೆ ಬೆಲೆಯ ಸತುವಿನ ತಗಡಿನ ಮೇಲೆ ಈ ಕೆಲಸ ಕಲಿಯುತ್ತಾರೆ. ಅವರು ಸಾಮಾನ್ಯವಾಗಿ ಮಾಡುವ ತಪ್ಪೆಂದರೆ ತಗಡನ್ನು ತುಂಬಿಬಿಡುವುದು. ಗೆರೆಯ ಮೇಲೆ ಗೆರೆ ಎಳೆದು ಬಂಡೆಯನ್ನು ಕಪ್ಪಾಗಿಸಿದರೆ ಬಂಡೆ ಭಾರವಾಗುತ್ತದೆಂದು ಅವರು ಭಾವಿಸುತ್ತಾರೆ. ಆಗ ಎವರ್ಡಿಂಗೆನ್‌ನ ಯಾವುದಾದರೂ ಒಂದು ಜಲಪಾತವನ್ನು ಅವರ ಮುಂದಿಡುತ್ತೇನೆ. ಅದರಲ್ಲಿ ನೀರನ್ನು ಬರೆದೇ ಇಲ್ಲ! ಬಂಡೆಯ ಅಂಚುಗಳನ್ನು ಗಿಡ್ಡ ಗಿಡ್ಡ ಸಮಾನಾಂತರ ಗೆರೆಗಳಿಂದ ತಿದ್ದಿ, ನಡುವೆ ಕಾಗದದ ಬಿಳಿಯನ್ನು ಹಾಗೆಯೇ ಬಿಟ್ಟಿದ್ದಾನೆ; ಆ ಬಿಳಿಯೇ ಬಂಡೆಯ ಸಂದಿಯಿಂದ ನುಗ್ಗಿ ಬರುವ ನೀರಾಗಿ ನಮಗೆ ಕೇಳಿಸುತ್ತದೆ. ಸ್ಪ್ರೂಸ್ ಮರಗಳನ್ನು ಕೆಳಮುಖವಾದ ಕೊಕ್ಕೆಗೆರೆಗಳಿಂದ, ದಿಮ್ಮಿಯ ಮನೆಗಳನ್ನು ಅಡ್ಡಗೆರೆಗಳಿಂದ, ಹೀಗೆ ಒಂದೊಂದು ವಸ್ತುವಿಗೂ ಅದರದೇ ಆದ ಗೆರೆಯನ್ನು ಕಂಡುಕೊಂಡಿದ್ದಾನೆ.

ಆ ಮನೆಗಳ ಬಗ್ಗೆ ಇನ್ನೆರಡು ಮಾತು ಹೇಳಬೇಕು, ಏಕೆಂದರೆ ನೋಡುವವರು ಜಲಪಾತದ ಅಬ್ಬರದಲ್ಲಿ ಅವುಗಳನ್ನು ಮರೆಯುತ್ತಾರೆ. ಇಟ್ಟಿಗೆಯ ಮನೆಗಳ ನಾಡಿನಿಂದ ಹೋದವನಿಗೆ ದಿಮ್ಮಿಯ ಮೇಲೆ ದಿಮ್ಮಿ ಪೇರಿಸಿ, ಮೂಲೆಗಳಲ್ಲಿ ಕಚ್ಚು ಹಾಕಿ ಕೂಡಿಸಿದ ಗೋಡೆಗಳು ಬಹಳ ಹಿಡಿಸಿದವು. ಮನೆಗಳು ಬಂಡೆಯ ನೆತ್ತಿಯಲ್ಲಿ, ಬಂಡೆಯ ಬುಡದಲ್ಲಿ, ನೀರಿನ ಅಂಚಿನಲ್ಲಿ ತೂಗಾಡುವಂತೆ ಕುಳಿತಿರುತ್ತವೆ. ಪಕ್ಕದಲ್ಲಿ ಒಂದು ನೀರಗಿರಣಿ, ಕಡಿದು ಹಾಕಿದ ಮರ, ಒಂದೆರಡು ಆಡುಗಳು, ಬೆನ್ನು ಬಾಗಿಸಿದ ಒಬ್ಬ ಮನುಷ್ಯ. ಆ ಮನುಷ್ಯರು ಎಷ್ಟು ಚಿಕ್ಕವರೆಂದರೆ ಹುಡುಕಿ ನೋಡಬೇಕು. ಇಡೀ ಚಿತ್ರದ ಅಗಲವೇ ಬಹುಮಟ್ಟಿಗೆ ಹದಿನೈದು ಸೆಂಟಿಮೀಟರ್‌ನ ಒಳಗಿರುವಾಗ ಆ ಮನುಷ್ಯ ಅಕ್ಕಿಕಾಳಿನಷ್ಟು ಮಾತ್ರ. ಆದರೂ ಅವನು ಯಾವ ಕೆಲಸ ಮಾಡುತ್ತಿದ್ದಾನೆ, ಅವನ ಕೈಯಲ್ಲಿರುವುದು ಭಾರವೋ ಹಗುರವೋ ಎಂಬುದು ತಿಳಿಯುತ್ತದೆ. ಈ ಶಕ್ತಿಯೇ ಮುಂದೆ ನರಿಯ ಕಥೆಗೆ ಬೇಕಾದದ್ದು.

ಪಂಚತಂತ್ರದ ಪ್ರಶ್ನೆಗೆ ಉತ್ತರ: ನೇರವಾಗಿ ಅಲ್ಲ. ಈ ಊಹೆ ಕನ್ನಡದ ಓದುಗರಿಗೆ ಬರುವುದು ಸಹಜ. 1031ರ ಸುಮಾರಿನಲ್ಲಿ ದುರ್ಗಸಿಂಹ ಕನ್ನಡಕ್ಕೆ ತಂದ ಪಂಚತಂತ್ರದಲ್ಲಿ ಪಿಂಗಳಕನೆಂಬ ಸಿಂಹ, ಸಂಜೀವಕನೆಂಬ ಎತ್ತು, ಕರಟಕ ದಮನಕರೆಂಬ ನರಿಗಳನ್ನು ಓದಿದವರಿಗೆ, ಅರಸ ಸಿಂಹ ಮತ್ತು ಕುಟಿಲ ನರಿ ಇರುವ ಯಾವ ಕಥೆಯೂ ನಮ್ಮ ಮನೆಯದೇ ಎನ್ನಿಸುತ್ತದೆ. ಪಂಚತಂತ್ರ ಹಳೆಯ ಪರ್ಷಿಯಾದ ಪಹ್ಲವಿ ಭಾಷೆಗೆ ಹೋಗಿ, ಅಲ್ಲಿಂದ ಎಂಟನೆಯ ಶತಮಾನದಲ್ಲಿ ಇಬ್ನ್ ಅಲ್ ಮುಕಫ್ಫನ ಕೈಯಲ್ಲಿ ಅರಬ್ಬಿಯ ಕಲೀಲ ವ ದಿಮ್ನ ಆಗಿ, ಕೊನೆಗೆ ಯುರೋಪಿಗೆ ತಲುಪಿದ್ದೂ ನಿಜ. ದಮನಕನ ಅಪರಾಧದ ವಿಚಾರಣೆಯ ಅಧ್ಯಾಯವೊಂದು ಅರಬ್ಬಿಯಲ್ಲಿ ಹೊಸದಾಗಿ ಸೇರಿದ್ದರಿಂದ ನರಿ ಕಟಕಟೆಯಲ್ಲಿ ನಿಲ್ಲುವ ಚಿತ್ರವೂ ಅಲ್ಲಿದೆ. ಆದರೆ ಇಟಲಿಯ ಕಾಪುವಾ ಊರಿನ ಯೋಹಾನನ ಲ್ಯಾಟಿನ್ ಅನುವಾದದ ಮೂಲಕ ಅದು ಪಶ್ಚಿಮ ಯುರೋಪಿನಲ್ಲಿ ಹರಡಿದ್ದು ಹದಿಮೂರನೆಯ ಶತಮಾನದ ಉತ್ತರಾರ್ಧದಲ್ಲಿ. ಅಷ್ಟರಲ್ಲಿ ಅಲ್ಲಿನ ನರಿಗೆ ನೂರು ವರ್ಷ ತುಂಬಿತ್ತು. ನರಿ ಮತ್ತು ತೋಳದ ವೈರವನ್ನು ಹೇಳುವ ಲ್ಯಾಟಿನ್ ಕಾವ್ಯವೊಂದು ಹನ್ನೆರಡನೆಯ ಶತಮಾನದ ನಡುವೆಯೇ ಫ್ಲಾಂಡರ್ಸ್‌ನ ಗೆಂಟ್‌ನಲ್ಲಿ ಹುಟ್ಟಿತು. 1170ರ ದಶಕದಿಂದ ಫ್ರೆಂಚಿನಲ್ಲಿ ರೆನಾರ್ ಎಂಬ ನರಿಯ ಕಥೆಗಳು ಕವಲೊಡೆದವು. ಹದಿಮೂರನೆಯ ಶತಮಾನದಲ್ಲಿ ವಿಲೆಮ್ ಎಂಬ ಕವಿ ಅವುಗಳಲ್ಲೊಂದನ್ನು ಹಿಡಿದು ಮಧ್ಯಕಾಲದ ಡಚ್ ಭಾಷೆಯಲ್ಲಿ ಮೂರೂವರೆ ಸಾವಿರ ಸಾಲುಗಳಿಗೆ ಹತ್ತಿರವಾದ ಅದ್ಭುತ ಕಾವ್ಯವನ್ನು ರಚಿಸಿದ. ಅದರ ಬೇರುಗಳು ಈಸೋಪನ ರೋಗಿಷ್ಠ ಸಿಂಹದ ಕಥೆಯಲ್ಲಿವೆ, ಮಠಗಳ ಲ್ಯಾಟಿನ್‌ನಲ್ಲಿವೆ, ಊರ ಜನರ ಬಾಯಲ್ಲಿವೆ.

ಸ್ವಭಾವದಲ್ಲೂ ಎರಡಕ್ಕೂ ದೊಡ್ಡ ವ್ಯತ್ಯಾಸವಿದೆ. ಪಂಚತಂತ್ರ ರಾಜಕುಮಾರರಿಗೆ ನೀತಿ ಕಲಿಸಲು ಹೇಳಿದ್ದು. ಡಚ್ಚರು ರೈನಾರ್ಟ್ ಎಂದು ಕರೆದ ಈ ನರಿಯ ಕಥೆ ಯಾರಿಗೂ ನೀತಿ ಕಲಿಸುವುದಿಲ್ಲ. ಕ್ರೈಸ್ತರ ಪೆಂಟೆಕೋಸ್ಟ್ ಹಬ್ಬದ ದಿನ ಸಿಂಹರಾಜ ನೋಬೆಲ್ ಒಡ್ಡೋಲಗ ಕೊಟ್ಟಾಗ, ನರಿಯೊಂದನ್ನು ಬಿಟ್ಟು ಎಲ್ಲ ಪ್ರಾಣಿಗಳೂ ಬರುತ್ತವೆ. ಬಂದವುಗಳಲ್ಲಿ ಹೆಚ್ಚಿನವಕ್ಕೆ ನರಿಯ ಮೇಲೆ ದೂರು. ಕರೆತರಲು ಹೋದ ಕರಡಿಗೆ ನರಿ ಜೇನಿನ ಆಸೆ ತೋರಿಸಿ, ಬಡಗಿಯೊಬ್ಬ ಅರ್ಧ ಸೀಳಿ ಬೆಣೆ ಹೊಡೆದಿಟ್ಟಿದ್ದ ಮರದೊಳಗೆ ಮೂತಿ ಮತ್ತು ಮುಂಗಾಲುಗಳನ್ನು ತೂರಿಸುವಂತೆ ಮಾಡುತ್ತದೆ. ಮರದ ಸೀಳು ಮುಚ್ಚಿಕೊಂಡು ಕರಡಿ ಸಿಕ್ಕಿಬೀಳುತ್ತದೆ, ಊರೆಲ್ಲ ದೊಣ್ಣೆ ಹಿಡಿದು ಬರುತ್ತದೆ. ಎರಡನೆಯ ದೂತನಾದ ಬೆಕ್ಕಿಗೆ ಇಲಿಯ ಆಸೆ, ಪಾದ್ರಿಯ ಕಣಜ, ಉರುಳು. ಗಲ್ಲಿನ ಕೆಳಗೆ ನಿಂತ ನರಿ ಬಚ್ಚಿಟ್ಟ ನಿಧಿಯೊಂದರ ಸುಳ್ಳು ಹೇಳಿ ರಾಜನ ಕ್ಷಮೆ ಪಡೆದು, ಪಾಪಪರಿಹಾರಕ್ಕೆ ಯಾತ್ರೆ ಹೋಗುವುದಾಗಿ ಹೊರಟು, ಜೊತೆಗೆ ಬಂದ ಮೊಲವನ್ನೇ ಕೊಂದು, ಅದರ ತಲೆಯನ್ನು ಚೀಲದಲ್ಲಿಟ್ಟು ಟಗರಿನ ಕೈಯಲ್ಲಿ ಆಸ್ಥಾನಕ್ಕೆ ಕಳುಹಿಸುತ್ತದೆ. ಮುಂದಕ್ಕೆ ಬೆಳೆದ ಕಥೆಯಲ್ಲಿ ನರಿಗೂ ತೋಳಕ್ಕೂ ದ್ವಂದ್ವಯುದ್ಧ ನಡೆದು, ಗೆದ್ದ ನರಿಗೆ ರಾಜನ ಮನ್ನಣೆ ದೊರೆಯುತ್ತದೆ. ಗೌಡಾ ಪಟ್ಟಣದಲ್ಲಿ 1479ರಲ್ಲಿ ಅಚ್ಚಾದ ಡಚ್ ಗದ್ಯರೂಪ, ಅದರಿಂದ ಇಂಗ್ಲೆಂಡಿನ ಮುದ್ರಕ ಕ್ಯಾಕ್ಸ್‌ಟನ್ 1481ರಲ್ಲಿ ಮಾಡಿದ ಇಂಗ್ಲಿಷ್ ರೂಪ, ಲ್ಯೂಬೆಕ್‌ನಲ್ಲಿ 1498ರಲ್ಲಿ ಅಚ್ಚಾದ ತಗ್ಗುನಾಡಿನ ಜರ್ಮನ್ ಪದ್ಯರೂಪ, ಇವೆಲ್ಲ ಎವರ್ಡಿಂಗೆನ್ ಹುಟ್ಟುವ ಹೊತ್ತಿಗೆ ಹಳೆಯವಾಗಿದ್ದವು. ಕಥೆ ಅಗ್ಗದ ಪುಸ್ತಕಗಳಾಗಿ ಮನೆಮನೆಯಲ್ಲಿತ್ತು. ಲ್ಯೂಬೆಕ್ ಪುಸ್ತಕದ ಮುನ್ನುಡಿ ಕಥೆಯನ್ನು ರೂಪಿಸಿದವನು ಆಲ್ಕ್‌ಮಾರ್‌ನ ಹಿನ್ರೆಕ್ ಎಂದು ಹೇಳುತ್ತದೆ. ಆ ಆಲ್ಕ್‌ಮಾರ್ ಎವರ್ಡಿಂಗೆನ್‌ನ ಹುಟ್ಟೂರು. ತನ್ನ ಊರಿನವನದೆಂದು ಹೆಸರಾದ ಕಥೆಯ ಮೇಲೆ ಅವನಿಗೆ ವಿಶೇಷ ಮಮತೆ ಇದ್ದಿರಬೇಕೆಂದು ನಂಬಲು ನನಗೆ ಇಷ್ಟ.

ಇನ್ನು ಅವನ 57 ಚಿತ್ರಗಳು. ಒಂದೊಂದೂ ಸುಮಾರು ಹನ್ನೊಂದು, ಹನ್ನೆರಡು ಸೆಂಟಿಮೀಟರ್ ಅಗಲ, ಒಂಬತ್ತು, ಹತ್ತು ಸೆಂಟಿಮೀಟರ್ ಎತ್ತರ. ಹಳೆಯ ಪುಸ್ತಕಗಳ ಮರದಚ್ಚಿನ ಚಿತ್ರಗಳಲ್ಲಿ ನೆಲವೆಂದರೆ ಒಂದೆರಡು ಗೆರೆ, ಒಂದು ಹುಲ್ಲಿನ ಗರಿ, ತೀರ ಅಗತ್ಯವಾದರೆ ಒಂದು ಮರ. ಪ್ರಾಣಿಗಳು ಅದರ ಮೇಲೆ ಪಾತ್ರಧಾರಿಗಳಂತೆ ಸಾಲಾಗಿ ನಿಲ್ಲುತ್ತವೆ. ಎವರ್ಡಿಂಗೆನ್ ಮಾಡಿದ ಬದಲಾವಣೆ ಏನೆಂಬುದು ಕರಡಿಯ ಪ್ರಸಂಗದಲ್ಲಿ ಚೆನ್ನಾಗಿ ತಿಳಿಯುತ್ತದೆ. ಸೀಳಿದ ಮರ ಅಲ್ಲಿ ಕಥೆಗೆ ಬೇಕಾದ ಒಂದು ಸಾಮಾನಷ್ಟೇ ಆಗಿ ಉಳಿಯುವುದಿಲ್ಲ. ತೊಗಟೆ, ಸೀಳಿನ ನಾರು, ಕಡಿದ ಕೊಂಬೆಯ ಗಂಟು ಇರುವ, ಮರ ಕೊಯ್ಯುವವರ ನಾಡಿನಲ್ಲಿ ತಿರುಗಾಡಿ ಬಂದವನು ಮಾತ್ರ ಬರೆಯಬಲ್ಲ ಮರ ಅದು. ಕರಡಿಗೆ ಕರಡಿಯ ಮೈಭಾರವೇ ಇದೆ, ಮನುಷ್ಯನ ಮುಖವಿಲ್ಲ. ಆದ್ದರಿಂದಲೇ ಅದರ ಪಾಡು ನಗು ಬರಿಸುವುದಕ್ಕಿಂತ ಹೆಚ್ಚಾಗಿ ನಮ್ಮನ್ನು ಅಳುಕಿಸುತ್ತದೆ. ಕಥೆಯೇ ವೇಷವನ್ನು ಬೇಡುವ ಕೆಲವು ಕಡೆಗಳನ್ನು ಬಿಟ್ಟರೆ ಅವನ ಪ್ರಾಣಿಗಳು ಬಟ್ಟೆ ಹಾಕುವುದಿಲ್ಲ, ಪ್ರಾಣಿಗಳಾಗಿಯೇ ಉಳಿಯುತ್ತವೆ. ನರಿ ಮೋಸ ಮಾಡುವುದು ನಾಲ್ಕು ಕಾಲುಗಳ ಮೇಲೆ, ಬಾಲ ತಗ್ಗಿಸಿಕೊಂಡು, ಪೊದೆಯ ಮರೆಯಲ್ಲಿ. ಸಿಂಹದ ಆಸ್ಥಾನವೂ ಅರಮನೆಯ ಹಜಾರದಲ್ಲಲ್ಲ, ಬಯಲಿನಲ್ಲಿ ಸೇರುತ್ತದೆ. ಇಷ್ಟೆಲ್ಲ ಆದಮೇಲೂ ಅವು ಮಾತನಾಡುತ್ತಿವೆ ಎಂದು ನಮಗೆ ಅನ್ನಿಸುತ್ತದೆ. ಅಕ್ಕಿಕಾಳಿನಷ್ಟು ಮನುಷ್ಯನ ಬೆನ್ನಿನ ಬಾಗಿನಲ್ಲಿ ಅವನ ದಣಿವನ್ನು ತೋರಿಸಿದ ಕೈ ಇಲ್ಲಿ ತೋಳದ ಕತ್ತಿನ ತಿರುವಿನಲ್ಲಿ ಅದರ ಸಿಟ್ಟನ್ನು, ನರಿಯ ಕಿವಿಯಲ್ಲಿ ಅದರ ಲೆಕ್ಕಾಚಾರವನ್ನು ತೋರಿಸುತ್ತದೆ.

ಇದರ ಬೆಲೆ ತಿಳಿಯಬೇಕಾದರೆ ಇವನ್ನು ಇನ್ನೊಂದು ಪ್ರಸಿದ್ಧ ಚಿತ್ರಮಾಲೆಯ ಪಕ್ಕದಲ್ಲಿಡಬೇಕು. ಜರ್ಮನ್ ಕವಿ ಗಯಟೆ 1794ರಲ್ಲಿ ಈ ಕಥೆಯನ್ನು ತನ್ನ ಭಾಷೆಯ ಕಾವ್ಯವಾಗಿ ಪ್ರಕಟಿಸಿದ. ಆ ಕಾವ್ಯಕ್ಕೆ ವಿಲ್ಹೆಲ್ಮ್ ಫಾನ್ ಕೌಲ್‌ಬಾಖ್ ಎಂಬ ಕಲಾವಿದ ರಚಿಸಿದ ಚಿತ್ರಗಳು 1846ರಲ್ಲಿ ಹೊರಬಂದವು. ಅಲ್ಲಿ ಪ್ರಾಣಿಗಳು ನಿಲುವಂಗಿ ತೊಟ್ಟು, ಎರಡು ಕಾಲುಗಳ ಮೇಲೆ ನಿಂತು, ತಮ್ಮ ಕಾಲದ ಅಧಿಕಾರಿಗಳನ್ನೂ ಸಿರಿವಂತರನ್ನೂ ಅಣಕಿಸುತ್ತವೆ. ಬಹಳ ಜಾಣತನದ ಕೆಲಸ, ಅದರಲ್ಲಿ ಸಂದೇಹವಿಲ್ಲ. ಆದರೆ ಬಟ್ಟೆ ಹಾಕಿದ ಕೂಡಲೇ ನರಿ ನರಿಯಾಗಿ ಉಳಿಯುವುದಿಲ್ಲ, ಯಾವನೋ ಒಬ್ಬ ಮನುಷ್ಯನ ಗುರುತಾಗುತ್ತದೆ. ಆ ಮನುಷ್ಯ ಮರೆತುಹೋದ ಕಾಲಕ್ಕೆ ಚಿತ್ರದ ಅರ್ಧ ಕಸುವೂ ಹೋಗುತ್ತದೆ. ಸ್ವತಃ ಗಯಟೆಗೆ ಪ್ರಿಯವಾಗಿದ್ದದ್ದು ಎವರ್ಡಿಂಗೆನ್‌ನ ಚಿತ್ರಗಳು. ಕಾವ್ಯ ಬರೆಯುವ ಎಷ್ಟೋ ಮುಂಚಿನಿಂದ ಅವು ಅವನ ಸಂಗ್ರಹದಲ್ಲಿದ್ದವು.

ನೋಡುವಾಗ ಏನನ್ನು ಗಮನಿಸಬೇಕೆಂಬ ನಿಮ್ಮ ಕೊನೆಯ ಪ್ರಶ್ನೆಗೆ ಈ ಚಿತ್ರಗಳ ಮುದ್ರಣದ ಚರಿತ್ರೆಯೇ ದಾರಿ ತೋರಿಸುತ್ತದೆ. ನರಿಯ ತಗಡುಗಳಲ್ಲಿ ಎವರ್ಡಿಂಗೆನ್ ಬರಿಯ ಗೆರೆಗೆ ತೃಪ್ತನಾಗದೆ ಮೆಜೊಟಿಂಟ್ ಎಂಬ ಆಗಿನ ಹೊಚ್ಚಹೊಸ ವಿಧಾನವನ್ನೂ ಸೇರಿಸಿದ. ಈ ವಿಧಾನದ ತಾರೀಕು ಸಹಿತ ಮೊದಲ ಚಿತ್ರವನ್ನು ಲುಡ್‌ವಿಗ್ ಫಾನ್ ಸೀಗೆನ್ ಎಂಬವನು ಮುದ್ರಿಸಿದ್ದು 1642ರಲ್ಲಿ. ಹಲ್ಲುಗಳಿರುವ ಉಪಕರಣದಿಂದ ತಗಡನ್ನು ಒರಟು ಮಾಡಿದರೆ ತಾಮ್ರದ ಸಣ್ಣ ಸಣ್ಣ ಮುಳ್ಳುಗಳು ಏಳುತ್ತವೆ. ಅವು ಶಾಯಿಯನ್ನು ಹಿಡಿದುಕೊಂಡು ಮುದ್ರಿಸಿದಾಗ ಮಖಮಲ್ಲಿನಂಥ ಕಪ್ಪನ್ನು ಕೊಡುತ್ತವೆ. ರಾತ್ರಿ, ಗುಹೆ, ಕಣಜದ ಒಳಗಿನ ಕತ್ತಲು ಇವುಗಳಿಗೆ ಇದಕ್ಕಿಂತ ಒಳ್ಳೆಯ ಸಾಧನವಿಲ್ಲ. ಆದರೆ ಪ್ರತಿ ಸಲ ಯಂತ್ರದ ಉರುಳೆ ಒತ್ತಿದಾಗಲೂ ಆ ಮುಳ್ಳುಗಳು ಸವೆಯುತ್ತವೆ. ಆಮ್ಲ ತಿಂದ ಗೆರೆ ಇನ್ನೂ ಗಟ್ಟಿಯಾಗಿರುವಾಗಲೇ ಮೆಜೊಟಿಂಟ್‌ನ ಕಪ್ಪು ಮಾಸಿಹೋಗುತ್ತದೆ. ಕಲಾವಿದ ಸತ್ತು ಎಪ್ಪತ್ತೇಳು ವರ್ಷಗಳಾದ ಮೇಲೆ, 1752ರಲ್ಲಿ, ಲೈಪ್‌ಜಿಗ್‌ನ ಗಾಟ್‌ಶೆಡ್ ಎಂಬ ವಿದ್ವಾಂಸ ಕಥೆಯನ್ನು ಜರ್ಮನ್ ಗದ್ಯಕ್ಕೆ ತಂದಾಗ ಆ ಪುಸ್ತಕವನ್ನು ಇವೇ ಚಿತ್ರಗಳಿಂದ ಅಲಂಕರಿಸಿದರು, ಮತ್ತು ಹೆಚ್ಚಿನ ಜನ ಇವನ್ನು ನೋಡಿದ್ದು ಆ ಪುಸ್ತಕದಲ್ಲಿ. ಆದ್ದರಿಂದ ಒಂದೇ ಚಿತ್ರದ ಎರಡು ಪ್ರತಿಗಳು ಕಣ್ಣಿಗೆ ಬಿದ್ದರೆ ಕತ್ತಲಿನ ಭಾಗಗಳನ್ನು ಮೊದಲು ಹೋಲಿಸಿ. ಒಂದರಲ್ಲಿ ಕತ್ತಲೊಳಗಿನಿಂದ ಆಕಾರಗಳು ಮೆಲ್ಲಗೆ ಹೊರಬರುತ್ತಿದ್ದು, ಇನ್ನೊಂದರಲ್ಲಿ ಅದೇ ಜಾಗ ಬೂದುಬಣ್ಣಕ್ಕೆ ತಿರುಗಿ ಗೆರೆಗಳು ಎಲುಬಿನಂತೆ ಎದ್ದು ಕಂಡರೆ, ಮೊದಲನೆಯದು ತಗಡು ಹೊಸದಾಗಿದ್ದಾಗ ಒತ್ತಿದ್ದು ಎಂದು ತಿಳಿಯಬಹುದು.

ಚಿತ್ರದ ಸುತ್ತ ಕಾಗದ ತುಸು ತಗ್ಗಿರುವ ಚೌಕಟ್ಟೊಂದು ಕಾಣುತ್ತದೆ. ಅದು ತಗಡಿನ ಅಂಚು ಒತ್ತಿದ ಗುರುತು. ಹಳೆಯ ಸಂಗ್ರಾಹಕರು ಅದರ ಒಳಗಿನವರೆಗೂ ಕಾಗದವನ್ನು ಕತ್ತರಿಸಿ ಆಲ್ಬಮ್‌ಗೆ ಅಂಟಿಸುತ್ತಿದ್ದುದರಿಂದ ಎಲ್ಲ ಪ್ರತಿಗಳಲ್ಲೂ ಅದು ಉಳಿದಿಲ್ಲ. ಭೂದೃಶ್ಯಗಳಲ್ಲಿ ಬಂಡೆಯ ಮೇಲೋ ಮೂಲೆಯಲ್ಲೋ ಎ, ವಿ, ಇ ಎಂಬ ಅಕ್ಷರಗಳ ಸಹಿಯನ್ನು ಹುಡುಕಿ. ಬೆಲ್ಜಿಯಂನ ಸ್ಪಾ ಊರಿನ ಖನಿಜ ಚಿಲುಮೆಗಳನ್ನು ಕುರಿತು ಅವನು ಮಾಡಿದ ನಾಲ್ಕು ಚಿತ್ರಗಳೂ ಅದೇ ಸಾಲಿನಲ್ಲಿ ಇರುತ್ತವೆ. ಅವುಗಳಲ್ಲಿ ಜನಜಂಗುಳಿ ಹೆಚ್ಚು, ನನ್ನ ಮಟ್ಟಿಗೆ ಕಸುವು ಕಡಿಮೆ.

ಮತ್ತೆ ನೆದರ್‌ಲ್ಯಾಂಡ್ಸ್‌ಗೆ ಹೋದಾಗ ಇವನ್ನು ಗೋಡೆಯ ಮೇಲೆ ಕಾಣದಿದ್ದರೆ ಬೇಸರಪಡಬೇಡಿ. ಕಾಗದದ ಮೇಲಿನ ಚಿತ್ರಗಳಿಗೆ ಬೆಳಕು ಶತ್ರು. ಆದ್ದರಿಂದ ಸಂಗ್ರಹಾಲಯಗಳು ಅವನ್ನು ಕೆಲವೇ ತಿಂಗಳು ಮಂದ ಬೆಳಕಿನಲ್ಲಿ ತೋರಿಸಿ ಮತ್ತೆ ಪೆಟ್ಟಿಗೆಗೆ ಸೇರಿಸುತ್ತವೆ. ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನಲ್ಲಿ ನರಿಯ ಕಥೆಗೆ ಅವನು ಮೊದಲು ಮಾಡಿಕೊಂಡ ರೇಖಾಚಿತ್ರಗಳೇ ಇವೆ. ರೈಕ್ಸ್ ಮ್ಯೂಸಿಯಂ ತನ್ನ ಪ್ರತಿಗಳ ದೊಡ್ಡ ಛಾಯಾಚಿತ್ರಗಳನ್ನು ಅಂತರ್ಜಾಲದಲ್ಲಿ ಉಚಿತವಾಗಿ ಇಳಿಸಿಕೊಳ್ಳಲು ಬಿಟ್ಟಿದೆ. ಮನೆಯಲ್ಲಿ ಕುಳಿತು ಒಂದು ನಾರ್ವೆಯ ಭೂದೃಶ್ಯವನ್ನೂ ಕರಡಿಯ ಪ್ರಸಂಗವನ್ನೂ ಪರದೆಯ ಮೇಲೆ ಅಕ್ಕಪಕ್ಕ ತೆರೆದು, ಎರಡರಲ್ಲೂ ಮರದ ಮೇಲೆ ಓಡಿರುವ ಗೆರೆಗಳನ್ನು ಒಂದೊಂದಾಗಿ ಹಿಂಬಾಲಿಸಿ ನೋಡಿ. ತೊಗಟೆ ಸುಲಿದ ಜಾಗದಲ್ಲಿ ಅವನ ಸೂಜಿ ಎರಡು ತಗಡುಗಳ ಮೇಲೂ ಒಂದೇ ರೀತಿ ನಡೆದಿರುವುದು ನಿಮಗೆ ಕಾಣುತ್ತದೆ.